ಮರದ ಮಿಲ್ಲಿಗೆ ಹೊರಟವನಿಗೆ

ಐಟಿಐ ಮುಗಿಸಿ ಮರದ ಮಿಲ್ಲಿಗೆ ಸೇರುತ್ತೇನೆ ಅಂದದ್ದಕ್ಕೆ ನಿನ್ನ ಅಪ್ಪ ಮುಖ ಸಿಂಡರಿಸಿದನಂತೆ. ಸಿಂಡರಿಸಲಿ ಬಿಡು ಮಾರಾಯ. ಸಾಮಿಲ್ ಅಂದರೆ ಅವನ ಕಣ್ಣಿಗೆ ದಿಮ್ಮಿ ಉರುಳಿಸುವ ನಾಲ್ಕು ಜನ, ಕಿವಿಗಡಚಿಕ್ಕುವ ಗರಗಸ, ಅಷ್ಟೇ. ಇದೇ ಕಸುಬಿನಲ್ಲಿ ತಲೆ ಬೆಳ್ಳಗಾದವನು ನಾನು. ಮಷಿನ್ ನಡೆಸುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ನೀನು ಮರ ಕಲಿ.

ಅಳತೆಯಿಂದ ಶುರು ಮಾಡು. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವುದು ಹಳೆಯ ಹಾಪಸ್ ಲೆಕ್ಕ. ನಾಲ್ಕು ಅಡಿ ಸುತ್ತು, ಹತ್ತು ಅಡಿ ಉದ್ದ ಇದ್ದರೆ 10 ಸಿಎಫ್‌ಟಿ, ಅಂದರೆ ಘನ ಅಡಿ. ದಿಮ್ಮಿಯಲ್ಲಿ ನಿಜಕ್ಕೂ ಇರುವುದು ಹನ್ನೆರಡೂಮುಕ್ಕಾಲಿನ ಹತ್ತಿರ. ಮಿಕ್ಕದ್ದು ಅಂಚಿನ ಚಕ್ಕೆಗೆ, ಹೊಟ್ಟಿಗೆ ಹೋಗುತ್ತದೆಂದು ಮೊದಲೇ ಬಿಟ್ಟ ಪಾಲು. ಆ ಪಾಲಿನಲ್ಲಿ ಎಷ್ಟನ್ನು ಮತ್ತೆ ಹಲಗೆಯಾಗಿ ಉಳಿಸಿಕೊಂಡೆ ಎಂಬುದರ ಮೇಲೆ ಮಿಲ್ಲಿನ ಲಾಭ ನಿಂತಿದೆ. ಯಾವ ಮಗ್ಗುಲಿನಿಂದ ಮೊದಲು ಕೊಯ್ಯಬೇಕು, ಸೀಳು ಒಳಗೆ ಎಷ್ಟು ದೂರ ಓಡಿದೆ, ಗಂಟು ಎಲ್ಲಿ ಎಂದು ದಿಮ್ಮಿ ನೋಡಿಯೇ ಹೇಳಬಲ್ಲವನನ್ನು ಯಾವ ಮಾಲೀಕನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಗರಗಸದ ಹಲ್ಲು ಮಸೆಯುವವನ ಪಕ್ಕ ಕೂತುಕೋ. ಸಾ ಡಾಕ್ಟರ್ ಎಂದು ಅವನನ್ನು ಕರೆಯುವುದು ತಮಾಷೆಗಲ್ಲ. ಬ್ಯಾಂಡ್ ಸಾ ಬ್ಲೇಡಿಗೆ ಹಲ್ಲು ಸರಿಮಾಡಿ, ಬೆಸುಗೆ ಹಾಕಿ, ಬಿಗಿ ಹದ ಮಾಡುವ ಕೆಲಸ ಅವನದು. ಅವನ ಕೈ ತಪ್ಪಿದರೆ ಹಲಗೆ ಹಾವಿನ ಹಾಗೆ ಅಂಕುಡೊಂಕು. ಹುಡುಗರೆಲ್ಲ ಸಿಎನ್‌ಸಿ ಕಡೆ ಓಡುತ್ತಿದ್ದಾರೆ. ಅದನ್ನೂ ಕಲಿ, ಬೇಡ ಅನ್ನುವುದಿಲ್ಲ. ಆದರೆ ಈ ಕೈ ಅಪರೂಪವಾಗುತ್ತಿದೆ.

ಇನ್ನು ನೀರಿನ ಸಂಗತಿ. ಹಸಿ ಮರದ ತೇವ ಶೇ 30ರ ಆಸುಪಾಸಿಗೆ ಇಳಿಯುವ ತನಕ ಅದು ಕುಗ್ಗುವುದಿಲ್ಲ. ಆಮೇಲೆ ಕುಗ್ಗತೊಡಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ: ವರ್ಷದ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಲಗೆ ದೋಣಿಯಾಗುವುದು ಇದಕ್ಕೇ. ಮಳೆಗಾಲದಲ್ಲಿ ಹಿಡಿದುಕೊಳ್ಳುವ ಬಾಗಿಲಿಗೆ ಆಚಾರಿಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಸೀಸನಿಂಗ್ ಮಾಡಿದವನದು. ಒಣಗಿಸುವ ಚೇಂಬರ್ ನೋಡಿಕೊಳ್ಳುವುದು, ಮೀಟರ್ ಹಿಡಿದು ತೇವ ಬರೆದಿಡುವುದು ತಾಳ್ಮೆಯ ಕೆಲಸ. ನಿನ್ನ ತಂಗಿಗೆ ಕೆಮಿಸ್ಟ್ರಿ ಇಷ್ಟವಲ್ಲವೇ? ಪ್ಲೈವುಡ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವಳಿಗೂ ಕೆಲಸವಿದೆ. ಮರೈನ್ ಗ್ರೇಡ್ ಎಂದು ಮುದ್ರೆ ಒತ್ತಬೇಕಾದರೆ ಅಂಟು 72 ಗಂಟೆ ಕುದಿನೀರನ್ನು ತಾಳಬೇಕು. ಆ ರೆಸಿನ್ ಕಾಯಿಸುವವರು, ಪರೀಕ್ಷೆ ಮಾಡುವವರು ಓದಿದವರೇ.

ಕೆಲಸ ಬರೀ ಸಾಮಿಲ್ಲಿನಲ್ಲೇ ಸಿಗುತ್ತದೆ ಎಂದುಕೊಳ್ಳಬೇಡ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಹೊರಬಿದ್ದ ಮೇಲೆ ಕೇಂದ್ರದ ಅನುಮತಿಯಿಲ್ಲದೆ ಕಾಡಿನೊಳಗೆ ಸಾಮಿಲ್, ವಿನೀರ್ ಮಿಲ್ಲು ನಡೆಸುವಂತಿಲ್ಲ. ನಮ್ಮಲ್ಲಿ ಬಹಳ ಜನ ಆಗ ಗೊಣಗಿದರು. ನನಗೇನೋ ಅದು ಆಗಬೇಕಾದದ್ದೇ ಅನ್ನಿಸಿತ್ತು. ಈಗ ಹೆಚ್ಚಾಗಿ ಮರ ಬರುವುದು ತೋಟದಿಂದ, ಹೊಲದಿಂದ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕ್, ರೈತರು ಹಾಕುತ್ತಿರುವ ಹೆಬ್ಬೇವು, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ, ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್. ತೋಟ ಸುತ್ತಿ ನಿಂತ ಮರಕ್ಕೆ ಬೆಲೆ ಕಟ್ಟುವುದು, ಅರಣ್ಯ ಇಲಾಖೆಯ ಕಾಗದಪತ್ರ ಓಡಿಸುವುದು, ಇವೂ ಒಳ್ಳೆಯ ಉದ್ಯೋಗವೇ.

ಬೆಂಗಳೂರಿಗೆ ಹೋದಾಗ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಹೋಗಿ ಬಾ. ಹೊಸ ಮಷಿನ್ನುಗಳ ಮೇಲೆ ಮರಗೆಲಸ ಕಲಿಸುವ ಕೇಂದ್ರ ಅಲ್ಲಿದೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ಈಗಿನ ಅರ್ಹತೆ, ಫೀಸು ಅಲ್ಲೇ ವಿಚಾರಿಸಿಕೋ.

ಎಲ್ಲಿಗೇ ಸೇರು, ಲೈಸೆನ್ಸ್ ಇದೆಯೇ, ಪಿಎಫ್, ಇಎಸ್ಐ ಕಟ್ಟುತ್ತಾರೆಯೇ ಎಂದು ಮೊದಲೇ ಕೇಳು. ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ನಿಲ್ಲಬೇಡ. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕರ್ಚೀಫು ಕಟ್ಟಿಕೊಂಡರೆ ಸಾಲದು, ಧೂಳು ಎಳೆಯುವ ಪೈಪು ಇರಬೇಕು, ಒಳ್ಳೆಯ ಮಾಸ್ಕ್ ಇರಬೇಕು. ತಿರುಗುವ ಬ್ಲೇಡಿನ ಹತ್ತಿರ ಗ್ಲೌಸ್ ಹಾಕಬೇಡ, ಅದು ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಕೊನೆಯ ಗೇಣು ಹಲಗೆಯನ್ನು ಕೈಯಿಂದ ತಳ್ಳದೆ ಕೋಲಿನಿಂದ ತಳ್ಳು. ನಿಶ್ಚಿತಾರ್ಥದ ಉಂಗುರವನ್ನು ಮನೆಯಲ್ಲೇ ಬಿಟ್ಟು ಹೋಗು. ಹುಡುಗಿಗೆ ನಾನು ಹೇಳುತ್ತೇನೆ.