ಸಂಸ್ಥೆಯೂ ಜಂಗಮತ್ವವೂ

'ಸಂಸ್ಥೆ' ಎಂಬ ಶಬ್ದವು 'ಸಮ್' ಎಂಬ ಉಪಸರ್ಗದೊಡನೆ ಕೂಡಿದ 'ಸ್ಥಾ' ಧಾತುವಿನಿಂದ ಹುಟ್ಟಿದುದು. ಒಟ್ಟಾಗಿ ನಿಲ್ಲುವಿಕೆ ಎಂಬುದು ಅದರ ಅವಯವಾರ್ಥ. 'ಸ್ಥಾವರ' ಶಬ್ದವೂ ಇದೇ ಧಾತುವಿನಿಂದ ನಿಷ್ಪನ್ನವಾಗಿದೆ. 'ಜಂಗಮ' ಶಬ್ದವಾದರೋ ಗಮನಾರ್ಥಕವಾದ 'ಗಮ್' ಧಾತುವಿನದು. ಆದುದರಿಂದ ಮಠವಾಗಲಿ, ಪಾಠಶಾಲೆಯಾಗಲಿ, ಸಹಕಾರ ಸಂಘವಾಗಲಿ, ಕಾರ್ಖಾನೆಯಾಗಲಿ, ಕಟ್ಟಿ ನಿಲ್ಲಿಸಿದ ಪ್ರತಿಯೊಂದು ಸಂಸ್ಥೆಯಲ್ಲಿಯೂ ಸ್ಥಾವರವಾಗಿಬಿಡುವ ಸ್ವಭಾವವು ಹುಟ್ಟಿನಿಂದಲೇ ಇರುತ್ತದೆ. ಅದನ್ನು ಜಂಗಮವಾಗಿ ಉಳಿಸಿಕೊಳ್ಳುವ ಬಗೆ ಯಾವುದು? ಶಿವಶರಣರ ಚರಿತೆಯಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವುಂಟು.

ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವು ಮೊದಲು ವಿಚಾರಣೀಯವಾದುದು. ಸಿದ್ಧರಾಮರು ಅಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದರು, ಗುಡಿಗಳನ್ನು ಎತ್ತಿಸಿದ್ದರು. ಬಹುಜನರು ಅವರ ಆಜ್ಞೆಯಂತೆ ದುಡಿಯುತ್ತಿದ್ದರು. ಲೋಕೋಪಕಾರಿಯಾದ ಕಾರ್ಯವೇ ಸರಿ. ಆಗ ಬಳ್ಳಿಗಾವೆಯ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಸಿದ್ಧರಾಮರನ್ನು ಕೇವಲ ಒಡ್ಡನೆಂದು ಕರೆದರು. ಕೆಲಸದವರು ಕೆರಳಿ ಕಲ್ಲೆಸೆದರು. ಸಿದ್ಧರಾಮರೂ ಕೋಪದಿಂದ ಬಂದರು. ವಾದವು ನಡೆದು, ಕೊನೆಗೆ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪ್ರಭುಗಳು ಕೆರೆಯನ್ನು ಜರೆಯಲಿಲ್ಲ. ಕಟ್ಟಿಸಿದವನು ತಾನೆಂಬ ಅಭಿಮಾನವನ್ನು ಜರೆದರು. ಸೊಲ್ಲಾಪುರದ ಕೆರೆ ಇಂದಿಗೂ ಸಿದ್ಧರಾಮರ ಹೆಸರಿನಲ್ಲಿಯೇ ಉಳಿದಿದೆ. ಅಳಿದುದು ಕರ್ತೃತ್ವದ ಬೀಗು ಮಾತ್ರ. ಸಂಸ್ಥೆಯಲ್ಲಿ ಪರಿವರ್ತನೆಯನ್ನು ತರಬಯಸುವವನು ಮೊದಲು ತಿದ್ದತಕ್ಕುದು ತನ್ನ ಅಂತರಂಗವನ್ನೇ ಎಂಬುದು ಇದರ ತಾತ್ಪರ್ಯ. ಹೊಸ ಕಟ್ಟಡ, ಹೊಸ ಯಂತ್ರ, ಹೊಸ ನಿಯಮ ಇವೆಲ್ಲವೂ ಬಂದು, ಅಧಿಕಾರದಲ್ಲಿರುವವನ ಮನಸ್ಸು ಮಾತ್ರ ಹಳೆಯದಾಗಿಯೇ ಉಳಿದರೆ ಅದು ಸ್ಥಾವರದ ವಿಸ್ತಾರವೇ ಹೊರತು ಚಲನೆಯಲ್ಲ.

ಎರಡನೆಯ ಪ್ರಸಂಗವು ಅನುಭವಮಂಟಪದ್ದು. ಉಡುತಡಿಯಿಂದ ಹೊರಟು ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಪ್ರಭುಗಳು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ಆಕೆ ಒಂದೊಂದಕ್ಕೂ ಉತ್ತರವಿತ್ತಳು. ಸಭೆಯು ಆಕೆಯನ್ನು ತನ್ನವಳೆಂದು ಮನ್ನಿಸಿತು. ಹೊಸಬರನ್ನು ಪ್ರಶ್ನಿಸದೆ ಒಪ್ಪುವುದು ಔದಾಸೀನ್ಯ. ಉತ್ತರವನ್ನೇ ಕೇಳದೆ ತಳ್ಳುವುದು ದರ್ಪ. ಪ್ರಶ್ನಿಸಿ, ಕೇಳಿ, ಸತ್ಯವೆಂದು ಕಂಡುದನ್ನು ತಲೆಬಾಗಿ ಸ್ವೀಕರಿಸುವುದು ಅನುಭಾವಗೋಷ್ಠಿಯ ಕ್ರಮ. ಬಳ್ಳಿಗಾವೆ, ಉಡುತಡಿಗಳೆರಡೂ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇರುವುದು ಈ ಭಾಗದ ಭಕ್ತರಿಗೆ ಅಭಿಮಾನದ ವಿಷಯವಷ್ಟೇ ಅಲ್ಲ, ಹೊಣೆಯೂ ಹೌದು.

ಮೂರನೆಯದು ಆಯ್ದಕ್ಕಿ ಲಕ್ಕಮ್ಮನ ನಡೆ. ಮಾರಯ್ಯನವರು ಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಬಿಟ್ಟಾಗ ಆಕೆ ಎಚ್ಚರಿಸಿದಳು; ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹಿಂದಕ್ಕೆ ಕಳುಹಿಸಿದಳು. ಮಂತ್ರಿಯ ಮಹಾಮನೆಯ ಔದಾರ್ಯವನ್ನು ಸಹ ಅಕ್ಕಿ ಆಯುವವನ ಮಡದಿಯೊಬ್ಬಳು ತಿದ್ದಬಲ್ಲವಳಾಗಿದ್ದಳು. ಕೆಳಗಿನವರ ಮಾತು ಮೇಲಿನವರಿಗೆ ಮುಟ್ಟುವ ದಾರಿ ತೆರೆದಿದ್ದುದೇ ಆ ಸಂಸ್ಥೆಯ ಜೀವಾಳ.

ಆಧುನಿಕ ಕಾಲದ ನಿದರ್ಶನವು ಭದ್ರಾವತಿಯಲ್ಲಿಯೇ ದೊರೆಯುತ್ತದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲದ ಕಾರಣ ಮಲೆನಾಡಿನ ಸೌದೆಯ ಇದ್ದಿಲಿನಿಂದಲೇ ಕುಲುಮೆಯು ಉರಿಯಿತು. ನಷ್ಟಕ್ಕೊಳಗಾಗಿದ್ದ ಆ ಕಾರ್ಖಾನೆಯ ಹೊಣೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ವಹಿಸಿದರು. ಹೊರದೇಶದ ತಜ್ಞರ ಸ್ಥಾನದಲ್ಲಿ ಈ ನಾಡಿನವರನ್ನೇ ತಂದು, ಅವರ ಸಾಮರ್ಥ್ಯದಲ್ಲಿ ನಂಬಿಕೆಯಿಟ್ಟುದು ಅವರು ಮಾಡಿದ ಮಾರ್ಪಾಡುಗಳಲ್ಲಿ ಮುಖ್ಯವಾದುದು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ವೃತ್ತಿಶಿಕ್ಷಣದ ಸಂಸ್ಥೆಗೆ ವಿನಿಯೋಗಿಸುವಂತೆ ಸೂಚಿಸಿದರು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಕಾಯಕವು ದಾಸೋಹದಲ್ಲಿ ಪರ್ಯವಸಾನಗೊಂಡಿತು.

ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಣಯವು 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬಹುಕಾಲ ಧರಣಿ ಕುಳಿತರು. ಇದರಿಂದ ಗಹನವಾದ ಪ್ರಶ್ನೆಯೊಂದು ಏಳುತ್ತದೆ. ಕಾಲಕ್ಕೆ ತಕ್ಕ ಬದಲಾವಣೆಯು ಅನಿವಾರ್ಯವೆಂಬುದು ನಿಜ. ಲೆಕ್ಕದ ಪುಸ್ತಕವೂ ಸುಳ್ಳಾಡದಿರಬಹುದು. ಆದರೆ ಶರಣಧರ್ಮದಲ್ಲಿ ಕಾಯಕವೆಂಬುದು ಕೂಲಿ ಮಾತ್ರವಲ್ಲ, ಅದು ಪೂಜೆ. ಒಬ್ಬನ ಕಾಯಕವನ್ನು ಕಸಿದು ಬೇರೊಂದು ಕಾಯಕವನ್ನು ಕಲಿಸಿಕೊಡದಿರುವುದು, ಅವನ ಕೈಯ ಲಿಂಗವನ್ನೇ ಕಸಿದುಕೊಂಡಂತೆ. ಪರಿಹಾರಧನವು ಹಸಿವನ್ನು ನೀಗೀತು. ಪೂಜೆಯಿಲ್ಲದ ಬರಿದನ್ನು ತುಂಬಲಾರದು. ಹಾಗೆಂದು ಹಳೆಯದೆಲ್ಲವೂ ಇದ್ದಂತೆಯೇ ಇರಲೆಂಬುದೂ ಧರ್ಮವಲ್ಲ; ಅದು ಸ್ಥಾವರದ ಮೋಹ. ಬದಲಾವಣೆಯನ್ನು ಯೋಚಿಸುವಾಗಲೇ ಅದರಿಂದ ಬಾಧಿತನಾಗುವವನನ್ನು ಸಭೆಗೆ ಕರೆದು ಕೇಳುವುದು, ಅವನಿಗೆ ಮುಂದಿನ ಕಾಯಕದ ದಾರಿಯನ್ನು ತೋರಿಸುವುದು, ಇವೆರಡೂ ಬಿಡಲಾಗದ ನಿಯಮಗಳು.

ಇದು ದೊಡ್ಡ ಸಂಸ್ಥೆಗಳ ಮಾತು ಮಾತ್ರವೆಂದು ಗೃಹಸ್ಥಭಕ್ತರು ಭಾವಿಸಬಾರದು. ಶಿವಮೊಗ್ಗದ ರವೀಂದ್ರನಗರದಂತಹ ಬಡಾವಣೆಗಳ ಮನೆಮನೆಯಿಂದಲೂ ಜನರು ದಿನವೂ ಯಾವುದಾದರೊಂದು ಕಚೇರಿಗೆ, ಶಾಲೆಗೆ, ಅಂಗಡಿಗೆ ಹೋಗುತ್ತಾರೆ. ಅಲ್ಲಿ ಯಾರಿಗಾದರೂ ಮೇಲಿನವರು, ಯಾರಿಗಾದರೂ ಕೆಳಗಿನವರು ಆಗಿರುತ್ತಾರೆ. ಅವರು ಮೂರು ವಿಚಾರಗಳನ್ನು ನೆನಪಿನಲ್ಲಿಡಬೇಕು. ಹೊಸ ಏರ್ಪಾಡನ್ನು ತರುವ ಮುನ್ನ ಆ ಕೆಲಸವನ್ನು ಕೈಯಾರೆ ಮಾಡುವವನನ್ನು ಕೇಳಿದೆವೇ? ಅದರ ಫಲವು ಸಂಗ್ರಹಕ್ಕೋ ದಾಸೋಹಕ್ಕೋ? ತಪ್ಪನ್ನು ತೋರಿಸಲು ಬಂದ ಲಕ್ಕಮ್ಮನಿಗೆ ಬಾಗಿಲು ತೆರೆದಿದೆಯೇ?

ಈ ಮೂರಕ್ಕೂ ಹೌದೆಂಬ ಉತ್ತರವಿರುವ ಮನೆಯೂ ಅನುಭವಮಂಟಪವೇ. ಇಲ್ಲವೆಂಬ ಉತ್ತರವಿರುವ ಸಂಸ್ಥೆಯು ಎಷ್ಟೇ ಎತ್ತರಕ್ಕೆ ಬೆಳೆದರೂ ಕಲ್ಲುಮಣ್ಣಿನ ರಾಶಿಯೇ. ಸದ್ಭಕ್ತರು ಇದನ್ನು ಮನನ ಮಾಡಿ, ತಾವು ನಿಂತ ಎಡೆಯಲ್ಲಿಯೇ ಆಚರಣೆಗೆ ತರುವುದು ಶ್ರೇಯಸ್ಕರ.