ಹಿತ್ತಿಲ ಮೊಲದ ಗೂಡಿಗೆ ಫಾರೆಸ್ಟಿನವರು ಬಂದರೆ

ಹಿತ್ತಿಲಲ್ಲಿ ಜಾಲರಿ ಕಟ್ಟಿ ಒಂದು ಜೋಡಿ ಮೊಲ ಸಾಕಿದರೆ ತಿಂಗಳು ಕಳೆಯುವಷ್ಟರಲ್ಲಿ ಮರಿಗಳಾಗುತ್ತವೆ. ಸಾಕು ಮೊಲದ ಗರ್ಭ ಮೂವತ್ತೊಂದು ದಿನದ್ದು. ಮಕ್ಕಳಿಗೆ ಸಂಭ್ರಮ, ನೆರೆಯವರಿಗೆ ಕುತೂಹಲ. ಆ ಕುತೂಹಲದಿಂದಲೇ ಎಷ್ಟೋ ಸಲ ತೊಂದರೆ ಶುರುವಾಗುತ್ತದೆ. ‘ಅವರ ಮನೇಲಿ ಕಾಡುಮೊಲ ಸಾಕಿದ್ದಾರೆ’ ಎಂದು ಯಾರೋ ಫೋನ್ ಮಾಡುತ್ತಾರೆ, ಮಧ್ಯಾಹ್ನಕ್ಕೆ ಜೀಪು ಬಂದು ನಿಲ್ಲುತ್ತದೆ. ಹೆದರಿದ ಮನೆಯವರು ಕೇಳಿದ ಕಾಗದಕ್ಕೆಲ್ಲ ಸಹಿ ಹಾಕಿ, ಆಮೇಲೆ ನಮ್ಮಂಥ ವಕೀಲರ ಆಫೀಸು ಹುಡುಕಿಕೊಂಡು ಬರುತ್ತಾರೆ. ಸಹಿಗೆ ಮುಂಚೆ ಬರುವವರು ತೀರಾ ಕಡಿಮೆ. ಅದಕ್ಕೇ ಈ ಲೇಖನ.

ಮೊದಲು ಧೈರ್ಯದ ಮಾತು. ಬಿಳಿ, ಬೂದು, ಕಪ್ಪು ಯಾವ ಬಣ್ಣದ್ದಾದರೂ ಸರಿ, ಸಾಕು ಮೊಲವನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಯಾರ ಅನುಮತಿಯೂ ಬೇಡ. ಆದರೆ ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಓಡಾಡುವ ಕಾಡುಮೊಲ ರಕ್ಷಿತ ಪ್ರಾಣಿ. ಅದನ್ನು ಹಿಡಿದರೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಮೂರು ವರ್ಷದ ತನಕ ಸಜೆ, ಒಂದು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ‘ನಮ್ಮ ಹೊಲದಲ್ಲೇ ಸಿಕ್ಕಿತು ಸ್ವಾಮಿ’ ಎಂದರೆ ನಡೆಯುವುದಿಲ್ಲ, ಏಕೆಂದರೆ ನಿಮ್ಮ ಹೊಲದಲ್ಲಿ ಸಿಕ್ಕ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು.

ಕೊಯ್ಲಿನ ಕಾಲದಲ್ಲಿ ರಾಗಿ ಹೊಲದ ಬದುವಿನಲ್ಲಿ ಮರಿ ಕಂಡರೆ ‘ತಾಯಿ ಬಿಟ್ಟು ಹೋಗಿದೆ’ ಎಂದು ಮಕ್ಕಳು ಎತ್ತಿಕೊಂಡು ಬಂದು ಮನೆಯ ಮೊಲದ ಗೂಡಿಗೆ ಬಿಡುತ್ತಾರೆ. ತಾಯಿ ಬಿಟ್ಟು ಹೋಗಿರುವುದಿಲ್ಲ. ಕಾಡುಮೊಲ ಹಗಲೆಲ್ಲ ಮರಿಯಿಂದ ದೂರವೇ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಮುಟ್ಟದೆ ಅಲ್ಲೇ ಬಿಡುವುದು ಮರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ತಂದಾಗಿಬಿಟ್ಟಿದ್ದರೆ ನಲವತ್ತೆಂಟು ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಕಚೇರಿಗೋ ವರದಿ ಮಾಡಬೇಕು. ಬಾಯಲ್ಲಿ ಹೇಳಿ ಬರಬೇಡಿ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾಕೆ ಎತ್ತಿಕೊಂಡರು ಎಂಬುದನ್ನೆಲ್ಲ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ತಕರಾರು ಮಾಡುತ್ತಾರೆ. ಹಾಗಾದರೆ ಅದೇ ದಿನ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇನ್ನು ನಿಮ್ಮದು ನಿಜಕ್ಕೂ ಸಾಕು ಮೊಲವೇ ಆಗಿದ್ದು, ಯಾರೋ ಕಾಡುಮೊಲ ಎಂದು ದೂರು ಕೊಟ್ಟಿದ್ದಾರೆ ಎನ್ನೋಣ. ಸೋವಿಯತ್ ಚಿಂಚಿಲ್ಲಾ, ಗ್ರೇ ಜೈಂಟ್ ತಳಿಗಳ ಬೂದುಬಣ್ಣ ನೋಡಿ ಗಾರ್ಡುಗಳೇ ಮೋಸಹೋಗುತ್ತಾರೆ. ಆಗ ನಿಮ್ಮ ಪಾಲಿನ ದೊಡ್ಡ ಸಾಕ್ಷಿ ಮರಿಗಳೇ. ಸಾಕು ಮೊಲದ ಮರಿ ಹುಟ್ಟಿದಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ತಾಯಿ ತನ್ನ ಹೊಟ್ಟೆಯ ತುಪ್ಪಳವನ್ನೇ ಕಿತ್ತು ಹಾಸಿ, ಅದರಲ್ಲಿ ಮರಿಗಳನ್ನು ಮುಚ್ಚಿಟ್ಟಿರುತ್ತದೆ. ಕಣ್ಣು ತೆರೆಯಲು ಸುಮಾರು ಹತ್ತು ದಿನ ಬೇಕು. ಕಾಡುಮೊಲದ ಮರಿಯಾದರೋ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಮರಿ ಹಾಕಿದ ದಿನವೇ ಮೊಬೈಲಿನಲ್ಲಿ ತಾಯಿಯೂ ಗೂಡೂ ಕಾಣುವ ಹಾಗೆ ಫೋಟೋ ತೆಗೆದಿಡಿ. ತೆಗೆಯುವ ಭರದಲ್ಲಿ ಮರಿಗಳನ್ನು ಎತ್ತಾಡಿಸಬೇಡಿ. ಮೊಲ ಕೊಂಡಾಗ ಬಿಲ್ಲು ಕೊಟ್ಟಿದ್ದರೆ ಅದನ್ನೂ ಇಟ್ಟುಕೊಳ್ಳಿ. ಸಂತೆಯಲ್ಲಿ ಕೊಂಡವರ ಬಳಿ ಬಿಲ್ಲು ಇರುವುದಿಲ್ಲ. ಅವರು ಸರ್ಕಾರಿ ಪಶು ಆಸ್ಪತ್ರೆಗೆ ಒಯ್ದು, ಇದು ಸಾಕು ತಳಿ ಎಂದು ಚೀಟಿ ಬರೆಸಿಕೊಳ್ಳುವುದು ಲೇಸು.

ಜನ ಸೋಲುವುದು ಸಾಕ್ಷಿ ಇಲ್ಲದೆ ಅಲ್ಲ, ಸಹಿಯಿಂದ. ನನ್ನ ಕಕ್ಷಿದಾರರೊಬ್ಬರು, ಮನೆಯಲ್ಲೇ ಬಟ್ಟೆ ಹೊಲಿದು ಬದುಕುವ ಹೆಣ್ಣುಮಗಳು. ಬೂದು ಮೊಲ, ಆರು ಮರಿ. ಜೀಪಿನ ಜೊತೆ ಊರಿನವನೇ ಒಬ್ಬ ಬಂದಿದ್ದ. ‘ಏನೂ ಆಗಲ್ಲ ಅಕ್ಕ, ಇಲ್ಲೊಂದು ಸೈನ್ ಹಾಕು, ನಾನು ಸೆಟ್ಲ್ ಮಾಡಿಸ್ತೀನಿ’ ಎಂದ. ಸಹಿಯೂ ಬಿತ್ತು, ದುಡ್ಡೂ ಹೋಯಿತು. ‘ಹೊಲದಲ್ಲಿ ಬಲೆ ಹಾಕಿ ಹಿಡಿದೆ’ ಎಂದು ಆ ಕಾಗದದಲ್ಲಿ ಬರೆದಿತ್ತು. ಇಂಥ ದಲ್ಲಾಳಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಸಿಬ್ಬಂದಿಯ ಮೇಲೆ ನನಗೆ ಬರುವ ಕೋಪ ಅಷ್ಟಿಷ್ಟಲ್ಲ. ಓದಿ ಹೇಳಲು ಎರಡು ನಿಮಿಷ ಸಾಕಿತ್ತು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸಿನಿಮಾ ನೋಡಿದವರಿಗೂ ಗೊತ್ತು. ಅರಣ್ಯ ಅಧಿಕಾರಿಗೆ ಆ ನಿಯಮ ಹಾಗೇ ಅನ್ವಯಿಸುವುದಿಲ್ಲ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಆರೋಪಿಯ ಎದುರಿಗೇ ದಾಖಲಿಸಿಕೊಂಡ ಸಾಕ್ಷ್ಯವನ್ನು ವಿಚಾರಣೆಯಲ್ಲಿ ಬಳಸಲು ಕಾಯ್ದೆಯ 50ನೇ ಕಲಮು ಅವಕಾಶ ಕೊಡುತ್ತದೆ. ಕೆಳಗಿನ ಸಿಬ್ಬಂದಿ ಬರೆಸಿಕೊಂಡದ್ದನ್ನೂ ತಂದು ಹಾಜರುಪಡಿಸುತ್ತಾರೆ. ಅದು ಒಪ್ಪತಕ್ಕದ್ದೋ ಅಲ್ಲವೋ ಎಂಬ ವಾದದಲ್ಲೇ ವರ್ಷಗಳು ಕಳೆಯುತ್ತವೆ. ಆದ್ದರಿಂದ ಖಾಲಿ ಹಾಳೆಗೆ, ಓದದ ಹಾಳೆಗೆ, ನಿಮ್ಮ ಮಾತಲ್ಲದ ಹೇಳಿಕೆಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನವೇ ಹೇಳಿದೆ.

ಮಹಜರು ಮಾತ್ರ ಬೇರೆ. ಏನನ್ನು ವಶಕ್ಕೆ ತೆಗೆದುಕೊಂಡರು ಎಂಬ ದಾಖಲೆ ಅದು. ಓದಿಸಿಕೊಂಡು ಸಹಿ ಮಾಡಬಹುದು. ಆದರೆ ಸಹಿಯ ಮೇಲೆ ನಿಮ್ಮ ಕೈಬರಹದಲ್ಲೇ ‘ಇವು ಸಾಕು ಮೊಲಗಳು ಎಂದು ತಿಳಿಸಿದ್ದೇನೆ’ ಎಂದು ಬರೆಯಿರಿ, ಮರಿಗಳ ಸಂಖ್ಯೆ, ಬಣ್ಣ ಸೇರಿಸಿ. ಬರೆಯಲು ಬಿಡದಿದ್ದರೆ ಸಹಿ ಹಾಕದೆ, ಅದೇ ದಿನ ನಡೆದದ್ದನ್ನೆಲ್ಲ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ.

ದಂಡ ಕಟ್ಟಿ ಮುಗಿಸುವುದು, ಅಂದರೆ ರಾಜಿ, ಕಾಯ್ದೆಯಲ್ಲಿ ಇದೆ, ನಿಜ. ಆದರೆ ಅದನ್ನು ಮಾಡುವ ಅಧಿಕಾರ ಉಪ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗಿಂತ ಕೆಳಗಿನವರಿಗೆ ಇಲ್ಲ. ಗಾರ್ಡಿಗೂ ಇಲ್ಲ, ವಲಯ ಅರಣ್ಯಾಧಿಕಾರಿಗೂ ಇಲ್ಲ, ಊರಿನ ದಲ್ಲಾಳಿಗಂತೂ ಮೊದಲೇ ಇಲ್ಲ. ರಸೀದಿ ಇಲ್ಲದೆ ಕೊಟ್ಟದ್ದು ಲಂಚ, ಕೊಟ್ಟವರೂ ತಪ್ಪಿತಸ್ಥರಾಗುತ್ತಾರೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಿ, ಆಗ ನಿಮಗೆ ರಕ್ಷಣೆ ಉಂಟು. ತಪ್ಪೇ ಮಾಡದವರು ಅಧಿಕೃತ ರಾಜಿಗೂ ಅವಸರ ಪಡಬಾರದು, ವಕೀಲರನ್ನು ಕೇಳದೆ ಒಪ್ಪಬಾರದು.

ಮರಿ ಮಾರುವವರಿಗೆ ಒಂದು ಮಾತು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಮೊಲದ ಹೆಸರೂ ಇದೆ, ಆನ್‌ಲೈನ್ ಮಾರಾಟವೂ ಸೇರಿದೆ. ವ್ಯಾಪಾರವಾಗಿ ಮಾಡುವುದಾದರೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು.

ಮೊಲಗಳನ್ನು ಒಯ್ದೇಬಿಟ್ಟರೆ ತಡಮಾಡಬೇಡಿ. ತಾಯಿಯಿಂದ ಬೇರೆಯಾದ ಎಳೆ ಮರಿಗಳು ಉಳಿಯುವುದು ಕಷ್ಟ. ಇನ್ನೊಂದು ಅಪಾಯವೂ ಇದೆ. ‘ರಕ್ಷಿಸಿದ ಪ್ರಾಣಿ’ ಎಂದು ಕಾಡಿಗೆ ಬಿಟ್ಟುಬಿಟ್ಟರೆ ಸಾಕು ಮೊಲ ನಾಯಿಗೋ ನರಿಗೋ ಆಹಾರವಾಗುತ್ತದೆ, ನಿಮ್ಮ ಸಾಕ್ಷಿಯೂ ಅದರೊಂದಿಗೇ ಹೋಗುತ್ತದೆ. ತಾಯಿ ಮರಿಗಳನ್ನು ಒಟ್ಟಿಗೇ ಇಡಬೇಕು, ಪಶುವೈದ್ಯರು ಪರೀಕ್ಷಿಸಿ ವರದಿ ಕೊಡುವ ತನಕ ಎಲ್ಲೂ ಬಿಡಬಾರದು ಎಂದು ಅಂದೇ ಬರೆದು ಕೊಡಿ. ಮಾರನೆಯ ದಿನವೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ವಶಕ್ಕೆ ಅರ್ಜಿ ಹಾಕಿಸಿ. ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನಡಿ ಕೇಳಬಹುದು. ಯಾರನ್ನಾದರೂ ಬಂಧಿಸಿದ್ದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ವಕೀಲರ ಫೀಸಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, 15100ಕ್ಕೂ ಫೋನ್ ಮಾಡಬಹುದು. ಹೋಗುವಾಗ ಮರಿಗಳ ಫೋಟೋ ಇರುವ ಮೊಬೈಲನ್ನು ಮರೆಯದೆ ಒಯ್ಯಿರಿ, ಆ ಫೋಟೋಗಳನ್ನು ಅಳಿಸಬೇಡಿ.