24 ಗಂಟೆಯ ವೃತ್ತ: ಲಾಕ್‌ಡೌನ್ ದಿನಚರಿಯಿಂದ ಪೈ ನಕ್ಷೆಯ ಪಾಠ

ತರಗತಿ: 8
ವಿಷಯ: ಗಣಿತ
ಘಟಕ: ದತ್ತಾಂಶಗಳ ನಿರ್ವಹಣೆ
ಅವಧಿ: 40 ನಿಮಿಷಗಳ 2 ತರಗತಿಗಳು

ಉದಾಹರಣೆಯ ಆಯ್ಕೆ
ಪೈ ನಕ್ಷೆ ಕಲಿಸಲು ನಾನು ದಿನಚರಿಯನ್ನು ಆರಿಸಿಕೊಂಡೆ. 360ನ್ನು 24ರಿಂದ ಭಾಗಿಸಿದರೆ 15. ಅಂದರೆ 1 ಗಂಟೆಗೆ 15° ಕೇಂದ್ರ ಕೋನ. ಮಕ್ಕಳು ಬಾಯಲ್ಲೇ ಲೆಕ್ಕ ಹಾಕಬಹುದು. ದಿನದ ಗಂಟೆಗಳು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಒಂದು ಭಾಗ ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು. 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಇದನ್ನು ಮನೆಮನೆಯಲ್ಲೂ ತೋರಿಸಿತು.

ಪೂರ್ವಸಿದ್ಧತೆ
ಆಗ ಈ ಮಕ್ಕಳು ಚಿಕ್ಕವರು. ಆದ್ದರಿಂದ ಮನೆಯ ಹಿರಿಯರೊಬ್ಬರನ್ನು ಕೇಳಿ, ಲಾಕ್‌ಡೌನ್‌ಗೆ ಮೊದಲಿನ ಒಂದು ದಿನ ಮತ್ತು ಲಾಕ್‌ಡೌನ್‌ನ ಒಂದು ದಿನದ ಪಟ್ಟಿ ತರಲು ಹೇಳಿದೆ. ಸಾವುನೋವು ಕಂಡ ಮನೆಗಳೂ ಇರುತ್ತವೆ. ಹಾಗಾಗಿ ಹೇಳಲು ಇಷ್ಟವಿದ್ದವರನ್ನು ಮಾತ್ರ ಕೇಳಬೇಕು, ಹೆಸರು ಬರೆಯಬಾರದು ಎಂಬ ಎರಡು ನಿಯಮ ಇಟ್ಟೆ. ಪಟ್ಟಿ ತರದವರು ಬೇರೆ ಗುಂಪಿನೊಂದಿಗೆ ಸೇರಿಕೊಂಡರು.

ಪಾಠದ ಬೆಳವಣಿಗೆ
ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯೊಬ್ಬರ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆವು.

ಮೊದಲು: ಗಾರ್ಮೆಂಟ್ಸ್ ಕೆಲಸ 8 ಗಂಟೆ (120°), ಪ್ರಯಾಣ 2 (30°), ಮನೆಗೆಲಸ 5 (75°), ನಿದ್ದೆ 6 (90°), ಇತರೆ 3 (45°).
ಲಾಕ್‌ಡೌನ್‌ನಲ್ಲಿ: ಮನೆಗೆಲಸ 9 ಗಂಟೆ (135°), ನಿದ್ದೆ 7 (105°), ಇತರೆ 8 (120°).

ಎರಡೂ ಮೊತ್ತ 360° ಬರುತ್ತದೆಯೇ ಎಂದು ಮಕ್ಕಳೇ ಪರೀಕ್ಷಿಸಿದರು. ಫ್ಯಾಕ್ಟರಿ ಮುಚ್ಚಿದ್ದರೂ ಮನೆಗೆಲಸದ ಕೋನ 60° ಹೆಚ್ಚಾದದ್ದು ಅವರಿಗೆ ಆಶ್ಚರ್ಯ ತಂದಿತು. ಎಲ್ಲರೂ ಮನೆಯಲ್ಲೇ ಇದ್ದುದರಿಂದ ಅಡುಗೆ, ಪಾತ್ರೆ, ಬಟ್ಟೆ ಎಲ್ಲವೂ ಜಾಸ್ತಿ ಎಂದು ಪಟ್ಟಿ ತಂದವನು ವಿವರಿಸಿದ.

ಆಗ ಒಬ್ಬಳು ಕೇಳಿದಳು: "ಮಿಸ್, ಇತರೆ ಅಂದ್ರೆ ಆರಾಮಾಗಿದ್ರು ಅಂತಾನಾ?" ಮಾರನೆಯ ದಿನ ಹುಡುಗ ತಾಯಿಯ ಉತ್ತರ ತಂದ: "ಕೂತಿದ್ದೆ ನಿಜ. ಸಂಬಳ ಬರುತ್ತೋ ಇಲ್ವೋ ಅಂತ ಯೋಚನೆ ಮಾಡ್ಕೊಂಡು ಕೂತಿದ್ದೆ." ಮೊದಲು ಗಾರ್ಮೆಂಟ್ಸ್ ಕೆಲಸಕ್ಕಿದ್ದ 120°ಯೇ ಈಗ 'ಇತರೆ'ಗೆ ಬಂದಿದೆ; ಆದರೆ ಆ ಗಂಟೆಗಳಿಗೆ ಕೂಲಿ ಇಲ್ಲ. ಕೋನ ಎಷ್ಟು ಹೊತ್ತು ಎಂದಷ್ಟೇ ಹೇಳುತ್ತದೆ, ಹೇಗೆ ಕಳೆಯಿತು ಎಂದು ಹೇಳುವುದಿಲ್ಲ ಎಂಬುದು ತರಗತಿಗೆ ಅರ್ಥವಾಯಿತು.

ದತ್ತಾಂಶದ ಮಿತಿ
ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು. ಬೆಳಗಿನ 4ರಿಂದ ಮರುದಿನ ಬೆಳಗಿನ 4ರವರೆಗೆ, ಅರ್ಧ ಗಂಟೆಗೊಂದರಂತೆ ಚಟುವಟಿಕೆ ದಾಖಲಿಸುವುದು ಅದರ ಕ್ರಮ. ವೇತನವಿಲ್ಲದ ಮನೆಗೆಲಸ ಮಾಡಿದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಅದಕ್ಕೆ ಕೊಟ್ಟಿದ್ದರು. ಇದು ಕೋವಿಡ್‌ಗೆ ಮುಂಚಿನ ಚಿತ್ರ. ನಮ್ಮ ಪಟ್ಟಿಗಳಾದರೋ ವರ್ಷಗಳ ಹಿಂದಿನ ನೆನಪು. ಅವನ್ನು 'ಅಂದಾಜು' ಎಂದೇ ಬರೆಸಿದೆ. ಅಡುಗೆ ಮಾಡುತ್ತಲೇ ಮಗುವಿಗೆ ಪಾಠ ಹೇಳಿದರೆ ಯಾವ ಭಾಗಕ್ಕೆ ಸೇರಿಸಬೇಕು ಎಂಬ ಚರ್ಚೆಯೂ ನಡೆಯಿತು.

ಮೌಲ್ಯಮಾಪನ
1. ನಿದ್ದೆ 6ರಿಂದ 7 ಗಂಟೆಯಾದರೆ ಕೋನ ಎಷ್ಟು ಹೆಚ್ಚುತ್ತದೆ?
2. ನಿಮ್ಮ ಪಟ್ಟಿಯಲ್ಲಿ ಯಾವ ಭಾಗ ಹಿಗ್ಗಿತು? ಯಾವುದು ಕುಗ್ಗಿತು?
3. 'ಇತರೆ'ಯೊಳಗೆ ಏನಿತ್ತು ಎಂದು ಕೇಳಿ ಎರಡು ವಾಕ್ಯ ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಈ ಪಾಠ ಮಾಡುವಾಗ ಮೂರನೆಯ ಪ್ರಶ್ನೆಗೆ ಕನಿಷ್ಠ 10 ನಿಮಿಷ ಮೀಸಲಿಡಿ. ಕೋನಮಾಪಕದ ಕೆಲಸ ಮುಗಿದ ಮೇಲೆ ಮಕ್ಕಳು ಮನೆಯವರ ದಿನವನ್ನು ಗಮನಿಸಲು ಶುರುಮಾಡುವುದು ಅಲ್ಲಿಂದಲೇ.